ಸಹಾಯ ಬೇಕು: ಮೈಸೂರಿನ ವಿಜಯನಗರದಲ್ಲಿ ಮನೆ ನೆಟ್ ಹೇಗಿದೆ?

ನಮಸ್ಕಾರ. ಬೆಂಗಳೂರಿನಿಂದ ಮೈಸೂರಿಗೆ ಬರುತ್ತಿದ್ದೇವೆ. ವಿಜಯನಗರ 4ನೇ ಹಂತದಲ್ಲಿ ಒಂದು ಬಾಡಿಗೆ ಮನೆ ಇಷ್ಟವಾಗಿದೆ. ನನ್ನದು ಮನೆಯಿಂದಲೇ ಕೆಲಸ, ದಿನವಿಡೀ ವಿಡಿಯೋ ಕಾಲ್. ಅಡ್ವಾನ್ಸ್ ಕೊಡುವ ಮುಂಚೆ ನೆಟ್ ವಿಷಯ ಖಾತ್ರಿಯಾಗಬೇಕು.

ಓನರ್‌ನ ಕೇಳಿದರೆ "ಎಲ್ಲಾ ಕಂಪನಿದೂ ಬರುತ್ತೆ" ಅನ್ನುತ್ತಾರೆ. ನೆಟ್ ಕಂಪನಿಯ ಆ್ಯಪ್‌ನಲ್ಲಿ ಪಿನ್‌ಕೋಡ್ ಹಾಕಿದರೂ ಸಿಗುತ್ತೆ ಅಂತಲೇ ತೋರಿಸುತ್ತದೆ. ಆದರೆ ಮನೆಗಳಿಗೆ ನೆಟ್ ಕೇಬಲ್ ಎಳೆಯುವ ಆ ಬೀದಿ ಕಂಬದ ಡಬ್ಬಿಯಲ್ಲಿ ಪೋರ್ಟ್ (ಹೊಸ ಕನೆಕ್ಷನ್ ಸಿಕ್ಕಿಸುವ ಜಾಗ) ಖಾಲಿ ಇರಬೇಕಲ್ವಾ?

ಅಲ್ಲಿರುವವರು ಯಾರಾದರೂ ರಾತ್ರಿ 9ರ ಹೊತ್ತಿಗೆ ಸ್ಪೀಡ್ ಟೆಸ್ಟ್ ಮಾಡಿ ಸ್ಕ್ರೀನ್‌ಶಾಟ್ ಹಾಕುತ್ತೀರಾ? ಆದರೆ ವೈಫೈ ಬದಲು ಲ್ಯಾನ್ ಕೇಬಲ್‌ನಲ್ಲಿ ಮಾಡಿ. ಡೌನ್‌ಲೋಡ್ ಬಿಡಿ, ಜಾಹೀರಾತಿನಲ್ಲೇ ಬೇಕಾದಷ್ಟಿದೆ. ನನಗೆ ಬೇಕಿರುವುದು ಅಪ್‌ಲೋಡ್ ಮತ್ತು ಪಿಂಗ್ (ಡೇಟಾ ಹೋಗಿ ಬರಲು ಹಿಡಿಯುವ ಸಮಯ). ಕರೆಂಟ್ ಹೋದಾಗ ಮನೆಯಲ್ಲಿ ಯುಪಿಎಸ್ ಇದ್ದರೂ ನೆಟ್ ನಿಲ್ಲುತ್ತಾ? ಕೇಬಲ್ ಕಟ್ ಆದರೆ ಲೈನ್‌ಮ್ಯಾನ್ ಅದೇ ದಿನ ಬರುತ್ತಾರಾ?