ಹ್ಯಾಲೋವೀನ್‌ಗೆ ಮಗಳ ಜೊತೆ ಮೆಲ್ವಿನ್ ಮಾನ್ಸ್ಟರ್ ಓದಬಹುದಾ?

ಜರ್ಸಿ_ಕನ್ನಡತಿ:
ಜಾನ್ ಸ್ಟ್ಯಾನ್ಲಿ ಅವ್ರ ಮೆಲ್ವಿನ್ ಮಾನ್ಸ್ಟರ್ ಕಾಮಿಕ್‌ನ ಯಾರಾದ್ರೂ ಮಕ್ಕಳಿಗೆ ಓದಿ ಹೇಳಿದೀರಾ? 1965ರಲ್ಲಿ ಡೆಲ್ ಅನ್ನೋ ಅಮೆರಿಕಾದ ಕಾಮಿಕ್ಸ್ ಪ್ರಕಾಶನ ಕಂಪನಿ ಶುರು ಮಾಡಿದ್ದು, ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ, ಮೆಲ್ವಿನ್ ಅಂತ ಒಬ್ಬ ಪುಟ್ಟ ರಾಕ್ಷಸ ಹುಡುಗ, ಅವ್ನ ಊರಲ್ಲಿ ಮಕ್ಕಳು ಕೆಟ್ಟವರಾಗಿದ್ರೇನೇ ಮರ್ಯಾದೆ, ಸ್ಕೂಲಿಗೆ ಚಕ್ಕರ್ ಹೊಡೀಬೇಕು, ಹೇಳಿದ ಮಾತು ಕೇಳಬಾರ್ದು, ಇವ್ನಿಗೋ ಸ್ಕೂಲಿಗೆ ಹೋಗ್ಬೇಕು ಅಂತ ಆಸೆ. ಟೀಚರ್ ಮಿಸ್ ಮೆಗಾರ್ಗಾಯ್ಲ್‌ಗೆ ಇವ್ನು ಬಂದ್ರೇನೇ ಸಿಟ್ಟು.

ಕಾಲೇಜಲ್ಲಿದ್ದಾಗ ಓದಿ ತುಂಬಾ ಇಷ್ಟ ಆಗಿತ್ತು. ಈ ಅಕ್ಟೋಬರ್‌ನಲ್ಲಿ ಲೈಬ್ರರಿಯಿಂದ ತಂದು ಮತ್ತೆ ಓದ್ದೆ, ಮೆಲ್ವಿನ್ ಮೇಲೆ ಮೊದಲಿಗಿಂತ ಜಾಸ್ತಿ ಮುದ್ದು ಬಂತು, ಆದ್ರೆ ಅವ್ನ ಅಪ್ಪ ಬ್ಯಾಡಿ ಅಬ್ಬರಿಸೋದು, ಒರಟಾಗಿ ನಡ್ಕೊಳ್ಳೋದು ನೋಡಿ ಸ್ವಲ್ಪ ಕಸಿವಿಸಿ ಆಯ್ತು. ಮಗಳಿಗೆ ಏಳು ವರ್ಷ, ಯಾರಾದ್ರೂ ಜೋರಾಗಿ ಮಾತಾಡಿದ್ರೆ ಮುಖ ಸಣ್ಣ ಮಾಡ್ಕೋತಾಳೆ. ಓದಿಸ್ಲಾ, ಇನ್ನೆರಡು ವರ್ಷ ಬಿಡ್ಲಾ?

ಹಳೇ_ಕಾಮಿಕ್ಸ್_ಪ್ರೇಮಿ:
ಖಂಡಿತ ಓದಿಸಿ ಮೇಡಂ. ಸ್ಟ್ಯಾನ್ಲಿಗೆ ಮಕ್ಕಳನ್ನ ನಿಜವಾಗ್ಲೂ ಹೆದರಿಸೋಕೆ ಬರ್ತಿತ್ತು, 1962ರಲ್ಲಿ ಅದೇ ಡೆಲ್‌ಗೆ ಬರೆದ ಭೂತದ ಕಥೆಗಳ ಮೊದಲ ಸಂಚಿಕೇಲಿ ಒಂದು ಕಥೆ ಇದೆ, ರಾತ್ರಿ ಹೊತ್ತು ಚರಂಡಿಯೊಳಗಿಂದ ಉದ್ದದ ಕೈಯೊಂದು ಹೊರಗ್ಬಂದು ಮಕ್ಕಳನ್ನ ಹಿಡಿಯುತ್ತೆ, ಅದನ್ನ ಏಳು ವರ್ಷದ ಮಗು ಕೈಗೆ ನಾನಂತೂ ಕೊಡಲ್ಲ. ಅಂಥ ಕಥೆ ಬರೆದ ಮನುಷ್ಯ ಮೂರು ವರ್ಷ ಆದ್ಮೇಲೆ ಮೆಲ್ವಿನ್‌ನ ತಾನೇ ಬರೆದು ತಾನೇ ಚಿತ್ರ ಬಿಡಿಸ್ತಾನೆ, ಅದ್ರಲ್ಲಿ ಭಯದ ಸಾಮಾನೆಲ್ಲ ಹಾಗೇ ಇದೆ, ಮನೇಲಿ ಸಾಕಿರೋ ಮೊಸಳೆ ಕ್ಲಿಯೋಪಾತ್ರ ಯಾವಾಗ ಮೆಲ್ವಿನ್‌ನ ನುಂಗ್ಲಿ ಅಂತ ಕಾಯ್ತಿರುತ್ತೆ, ಕಾಪಾಡೋಕೆ ಅಂತ ಇರೋ ಡೇಮನ್ ಅನ್ನೋ ಭೂತ ಬೇಕಾದಾಗ ಅಷ್ಟಾಗಿ ಉಪಯೋಗಕ್ಕೆ ಬರಲ್ಲ, ಆದ್ರೂ ಓದೋರಿಗೆ ಭಯ ಆಗಲ್ಲ, ಯಾಕಂದ್ರೆ ಮೆಲ್ವಿನ್‌ಗೇ ಭಯಕ್ಕಿಂತ ಆಸೆ ಜಾಸ್ತಿ.

ನಮ್ಮನೆಗಳಲ್ಲಿ ಊಟ ಮಾಡ್ದಿದ್ರೆ ಗುಮ್ಮ ಬರ್ತಾನೆ ಅಂತಿದ್ರಲ್ಲ, ಇಲ್ಲಿ ಆ ಗುಮ್ಮನ ಮನೆ ಮಗುವಿನ ಕಥೆ ಇದು. ಮನುಷ್ಯರ ಊರಿಗೆ ಹೋದ್ರೆ ಜನ ಇವ್ನನ್ನ ನೋಡಿ ಓಡ್ತಾರೆ, ತನ್ನ ಊರಲ್ಲಿ ಒಳ್ಳೇವ್ನು ಅಂತ ಬೈಸ್ಕೋತಾನೆ. ಎರಡೂ ಕಡೆ ಜಾಗ ಇಲ್ಲ ಪಾಪ, ಆದ್ರೂ ಮುನಿಸಿಕೊಂಡು ಕೂರಲ್ಲ. ಸ್ಟ್ಯಾನ್ಲಿ 1945ರಿಂದ ಹತ್ತಾರು ವರ್ಷ ಲಿಟಲ್ ಲುಲು ಅನ್ನೋ ಪುಟ್ಟ ಹುಡುಗಿಯ ಕಾಮಿಕ್ ಬರೆದವ್ರು, ಮಕ್ಕಳ ಹಠ ಹೆಂಗಿರುತ್ತೆ ಅಂತ ಅವ್ರಿಗೆ ಚೆನ್ನಾಗಿ ಗೊತ್ತು.

ಎರಡು_ಮಕ್ಕಳ_ತಾಯಿ:
ನಾನು ಸ್ವಲ್ಪ ಬೇರೆ ಥರ ಹೇಳ್ತೀನಿ ಅಕ್ಕ. ನನ್ನ ದೊಡ್ಡವ್ನು ಬಿದ್ದು ಬಿದ್ದು ನಕ್ಕ, ಚಿಕ್ಕವ್ಳು ಮಾತ್ರ "ಅವ್ರಮ್ಮ ಯಾಕೆ ಸುಮ್ನಿದಾಳೆ" ಅಂತ ಕೇಳ್ದಳು. ಅಮ್ಮ ಅಂದ್ರೆ ಈಜಿಪ್ಟಿನ ಮಮ್ಮಿ, ಮೈ ತುಂಬಾ ಬ್ಯಾಂಡೇಜ್, ಮುಖಾನೇ ಕಾಣಲ್ಲ, ಸಿಟ್ಟೋ ಪ್ರೀತಿನೋ ಅಂತ ಮಗು ಮುಖ ನೋಡಿ ತಿಳ್ಕೊಳ್ಳೋಕಾಗಲ್ಲ. ಅದಕ್ಕೆ ಪುಸ್ತಕ ಕೈಗೆ ಕೊಟ್ಟು ಎದ್ದು ಹೋಗ್ಬೇಡಿ, ಪಕ್ಕ ಕೂತು ನೀವೇ ಓದಿ, ಬ್ಯಾಡಿ ಕಿರುಚೋ ಜಾಗದಲ್ಲಿ ದನಿ ತಗ್ಗಿಸಿ ದಡ್ಡ ದೈತ್ಯನ ಥರ ಎಳೆದೆಳೆದು ಓದಿದ್ರೆ ಮಕ್ಕಳಿಗೆ ಅವ್ನು ಎಷ್ಟು ಪೆದ್ದ ಅಂತ ತಾನೇ ಗೊತ್ತಾಗುತ್ತೆ. ನಮ್ಮನೇಲಿ ಹಂಗೇ ಮಾಡಿದ್ದು. ಕನ್ನಡದಲ್ಲೇ ಹೇಳ್ಕೊಂಡು ಹೋದ್ವಿ, ಮಾತು ಚಿಕ್ಕ ಚಿಕ್ಕದಿರೋದ್ರಿಂದ ಕಷ್ಟ ಆಗ್ಲಿಲ್ಲ.

ಹಳೇ_ಕಾಮಿಕ್ಸ್_ಪ್ರೇಮಿ:
ಮುಖದ ವಿಷ್ಯ ನೀವು ಹೇಳಿದ್ದು ಸರಿ ಮೇಡಂ, ಆದ್ರೆ ನಿಂತಿರೋ ಭಂಗಿ ನೋಡಿ, ಸ್ಟ್ಯಾನ್ಲಿ ಎಲ್ಲಾನೂ ಮೈಯಲ್ಲೇ ಹೇಳ್ತಾರೆ. ಬ್ಯಾಡಿ ಪುಟದ ಅರ್ಧ ತುಂಬ್ಕೊಂಡಿರ್ತಾನೆ, ಮೆಲ್ವಿನ್ ಅವ್ನ ಮೊಣಕಾಲಿನ ಹತ್ರ. ಬ್ಯಾಡಿಗೆ ಕೋಪ ಇರೋದು ಮಗ ಕೈಬಿಟ್ಟು ಹೋಗ್ತಿದಾನೆ ಅಂತ, ಅವ್ನ ಪ್ರಕಾರ ಅವ್ನು ಒಳ್ಳೇ ಅಪ್ಪನೇ. 1964ರಲ್ಲಿ ಟಿವಿಲಿ ಮನ್‌ಸ್ಟರ್ಸ್, ಆಡಮ್ಸ್ ಫ್ಯಾಮಿಲಿ ಎರಡೂ ಶುರುವಾಗಿ ಅಮೆರಿಕಾದಲ್ಲಿ ಎಲ್ಲೆಲ್ಲೂ ರಾಕ್ಷಸ ಸಂಸಾರಗಳೇ, ಆದ್ರೆ ಅವೆರಡ್ರಲ್ಲೂ ಮನೆಯವ್ರೆಲ್ಲ ಒಂದೇ ಕಡೆ, ಲೋಕ ಒಂದು ಕಡೆ. ಮೆಲ್ವಿನ್ ಮನೆಯೊಳಗೇ ಒಬ್ಬಂಟಿ. ನನಗೆ ಇದು ಅವೆರಡಕ್ಕಿಂತ ಹತ್ತಿರ ಆಗೋದು ಅದಕ್ಕೇ.

ಇನ್ನೊಂದು, ಕೊಳ್ಳೋ ಹಾಗಿದ್ರೆ ಡ್ರಾನ್ ಅಂಡ್ ಕ್ವಾರ್ಟರ್ಲಿ ಅನ್ನೋ ಪ್ರಕಾಶಕರು 2009ರಿಂದ ತಂದಿರೋ ಗಟ್ಟಿ ರಟ್ಟಿನ ಪುಸ್ತಕಗಳನ್ನೇ ತಗೊಳ್ಳಿ, ವಿನ್ಯಾಸ ಸೇಥ್ ಅನ್ನೋ ಕಾಮಿಕ್ಸ್ ಕಲಾವಿದರದ್ದು, ತುಂಬಾ ಚೆಂದ ಇದೆ.

ಜರ್ಸಿ_ಕನ್ನಡತಿ:
ಇಬ್ರಿಗೂ ಥ್ಯಾಂಕ್ಸ್. ಸ್ಕೂಲಿಗೆ ಹೋಗೋ ಕಥೆಯಿಂದ ಶುರು ಮಾಡ್ತೀನಿ, ಮೊಸಳೆ ಅವ್ಳಿಗೆ ಹೆಂಗೂ ಇಷ್ಟ ಆಗುತ್ತೆ. ಬ್ಯಾಡಿ ಬಂದಾಗ ಓದೋ ಕೆಲ್ಸ ಅವ್ರಪ್ಪನಿಗೇ ಬಿಡ್ತೀನಿ, ಅವ್ರ ದನಿ ದಪ್ಪ, ಅವ್ರನ್ನ ಕಂಡ್ರೆ ಅವ್ಳಿಗೆ ಚೂರೂ ಹೆದ್ರಿಕೆ ಇಲ್ಲ.