ಕೈಯೊವಾ ಜನರ ಕೊಳಲು: ‘ಒಲಿಸುಗೊಳಲು’ ಎನ್ನಬಹುದೇ?

ಅಮೆರಿಕದ ಒಕ್ಲಹೋಮಾದಲ್ಲಿ ನೆಲೆಸಿರುವ ಕೈಯೊವಾ ಬುಡಕಟ್ಟಿನವರ ಮರದ ಕೊಳಲಿನ ಕುರಿತು ಬರೆಯಹೊರಟು ಕೆಲವು ಪದಗಳಲ್ಲಿ ತಡವರಿಸಿದ್ದೇನೆ.

‘ವೇಣು’ ಎಂದರೆ ಬಿದಿರೇ ಆದ್ದರಿಂದ, ಕೆಂಪು ಸೀಡರ್ ಮರದಲ್ಲಿ ಮಾಡುವ ಈ ವಾದ್ಯಕ್ಕೆ ಅದು ಸಲ್ಲದು. ‘ಮುರಳಿ’ ಎಂದೊಡನೆ ಕೃಷ್ಣನೂ ಅವನು ಅಡ್ಡ ಹಿಡಿದ ಭಂಗಿಯೂ ಕಣ್ಣಿಗೆ ಕಟ್ಟುತ್ತವೆ. ಇದನ್ನಾದರೋ ಮುಂದಕ್ಕೆ ನೇರವಾಗಿ ಹಿಡಿದು ತುದಿಯಿಂದ ಊದುತ್ತಾರೆ. ‘ಕೊಳವೆ’ಯ ನಂಟಿರುವ ‘ಕೊಳಲು’ ಯಾವ ಮರಕ್ಕೂ ಯಾವ ಭಂಗಿಗೂ ಕಟ್ಟುಬಿದ್ದಿಲ್ಲವಾಗಿ ಅದನ್ನೇ ಉಳಿಸಿಕೊಂಡಿದ್ದೇನೆ.

ಮರವನ್ನು ಉದ್ದಕ್ಕೆ ಸೀಳಿ, ಎರಡೂ ಹೋಳುಗಳ ಒಳಗನ್ನು ತೋಡಿ, ನಡುವೆ ಒಂದು ತಡೆಯನ್ನು ಬಿಟ್ಟು, ಮತ್ತೆ ಅಂಟಿಸಿ ತೊಗಲಿನ ದಾರದಿಂದ ಬಿಗಿಯುತ್ತಾರೆ. ಊದಿದ ಉಸಿರು ತಡೆಗೆ ತಾಗಿ ಮೇಲಿನ ತೂತಿನಿಂದ ಹೊರಬಂದು, ಅಲ್ಲಿ ಕಟ್ಟಿರುವ ಪುಟ್ಟ ಮರದ ತುಂಡಿನಡಿ ನುಸುಳಿ, ಮುಂದಿನ ತೂತಿನ ಅಂಚಿಗೆ ಬಡಿದಾಗ ದನಿ ಹುಟ್ಟುತ್ತದೆ. ಆ ತುಂಡನ್ನು ಇಂಗ್ಲಿಷಿನಲ್ಲಿ ಹಕ್ಕಿ ಎಂದೇ ಕರೆಯುತ್ತಾರೆ. ವೀಣೆಯ ತಂತಿಗಳನ್ನು ‘ಕುದುರೆ’ಯ ಮೇಲೆ ಹಾಯಿಸುವ ನಮಗೆ ಕೊಳಲಿನ ಮೇಲೊಂದು ‘ಹಕ್ಕಿ’ಯನ್ನು ಕೂರಿಸಲು ಅಡ್ಡಿಯಿರಲಾರದು.

ನಿಜವಾದ ತೊಡಕು ವಾದ್ಯದ ಬಳಕೆಯನ್ನು ಹೇಳುವಲ್ಲಿದೆ. ಹರೆಯದ ಗಂಡು ಹೆಣ್ಣುಗಳು ಎಲ್ಲರೆದುರು ಸಲುಗೆಯಿಂದ ಮಾತಾಡುವಂತಿರದ ಕಾಲದಲ್ಲಿ, ಹುಡುಗನು ಸಂಜೆಯ ಹೊತ್ತು ಬಿಡಾರದ ಆಚೆ ನಿಂತು, ತಮಟೆಯ ಜೊತೆಯಿಲ್ಲದೆ ಒಬ್ಬನೇ ನುಡಿಸುತ್ತಿದ್ದನು. ಗುಡಾರದೊಳಗಿನ ಹುಡುಗಿಯು ರಾಗದಿಂದಲೇ ಅವನ ಗುರುತು ಹಿಡಿಯುತ್ತಿದ್ದಳು. ಇದನ್ನು ‘ಪ್ರಣಯಯಾಚನೆ’ ಎಂದರೆ ಹುಡುಗ ಭಿಕ್ಷಾಪಾತ್ರೆ ಹಿಡಿದು ನಿಂತಂತೆ ಕೇಳಿಸುತ್ತದೆ. ‘ಒಲಿಸು’ ನನಗೆ ಹಿಡಿಸಿದೆ, ಏಕೆಂದರೆ ಕನ್ನಡದಲ್ಲಿ ಹೆಣ್ಣೂ ಒಲಿಯುತ್ತಾಳೆ, ದೈವವೂ ಒಲಿಯುತ್ತದೆ. 1941ರಲ್ಲಿ ಅಮೆರಿಕದ ಜನಾಂಗೀಯ ಸಂಗೀತದ ಸಂಶೋಧಕ ವಿಲ್ಲರ್ಡ್ ರೋಡ್ಸ್ ಮಾಡಿದ ಧ್ವನಿಮುದ್ರಣದಲ್ಲಿ ಕೈಯೊವಾ ವಾದಕ ಬೆಲೊ ಕೊಜಾಡ್ ಕೊಳಲನ್ನು ನುಡಿಸಿದ್ದಲ್ಲದೆ ಅದು ದೈವದ ಕೊಡುಗೆಯೆಂಬ ಕಥೆಯನ್ನೂ ಹೇಳಿದ್ದಾರೆ. ಎರಡೂ ಅರ್ಥಗಳು ಒಂದೇ ಕ್ರಿಯಾಪದದಲ್ಲಿ ಅಡಗುವುದು ನಮ್ಮ ಭಾಗ್ಯ.

ಹಾಗಾಗಿ ‘ಒಲಿಸುಗೊಳಲು’ ಎಂದು ಸಮಾಸ ಮಾಡಿದ್ದೇನೆ. ‘ಸುಡು’ ಮತ್ತು ‘ಕಾಡು’ ಸೇರಿ ‘ಸುಡುಗಾಡು’ ಆದ ದಾರಿಯೇ ಇದು, ಹೋಲಿಕೆ ಶುಭವಲ್ಲದಿದ್ದರೂ. ಆದರೆ ಈ ಪದದಲ್ಲಿ ಒಲಿಸುವವನು ಮಾತ್ರ ಕಾಣುತ್ತಾನೆ, ಕಿವಿಗೊಟ್ಟು ಒಲ್ಲೆನೆನ್ನಲೂಬಹುದಾದ ಹುಡುಗಿ ಕಾಣುವುದಿಲ್ಲ. ಇಬ್ಬರನ್ನೂ ಒಳಗೊಳ್ಳುವ ಬೇರೆ ಪದ ನಿಮ್ಮ ಕಡೆಯ ಆಡುಮಾತಿನಲ್ಲಿ ಇದೆಯೇ?