ಪದ ಬೇಕು (ತುರ್ತು): ಔಷಧಿ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡುವ ಯಂತ್ರಕ್ಕೆ ಏನನ್ನೋಣ?

ಕಾರವಾರದಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಪದ ಬೇಕು. ಬೋರ್ಡ್ ಪ್ರಿಂಟಿಗೆ ಹೋಗಬೇಕು.

ನಾನು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ನಮ್ಮಲ್ಲಿಗೆ ಅಂಗೈಯಲ್ಲಿ ಹಿಡಿಯುವಂಥ ಒಂದು ಯಂತ್ರ ಬಂದಿದೆ. ನೋಡಲು ಥೇಟ್ ಫೋನ್. ಸ್ಟ್ರಿಪ್ಪಿನ ಮೇಲಿನ ಕ್ಯೂಆರ್ ಕೋಡಿಗೆ ಹಿಡಿದರೆ ಹೆಸರು, ಬ್ಯಾಚ್ ನಂಬರು, ಎಕ್ಸ್‌ಪೈರಿ ತಾರೀಕು ತೋರಿಸುತ್ತದೆ. 2023ರ ಆಗಸ್ಟ್ 1ರಿಂದ 300 ಬ್ರ್ಯಾಂಡುಗಳಿಗೆ ಈ ಕೋಡ್ ಕಡ್ಡಾಯ. ಉಳಿದವಕ್ಕೆ ನಾವೇ ಹೆಸರು ಒತ್ತುತ್ತೇವೆ. ಒಂದಕ್ಕೊಂದು ಆಗಿಬರದ ಎರಡು ಗುಳಿಗೆ ಒಂದೇ ಚೀಟಿಯಲ್ಲಿದ್ದರೆ ಎಚ್ಚರಿಸುತ್ತದೆ. ಮಕ್ಕಳ ಸಿರಪ್ಪಿನ ಲೆಕ್ಕವನ್ನೂ ಮಾಡುತ್ತದೆ. ಪ್ಯಾರಾಸಿಟಮಾಲ್ ಕಿಲೋಗೆ 15 ಮಿಲಿಗ್ರಾಂ ಅಂತ ಹಿಡಿದರೆ 10 ಕಿಲೋ ಮಗುವಿಗೆ 150. 5 ಮಿಲಿಗೆ 125 ಇರುವ ಬಾಟಲಿಯಾದರೆ 6 ಮಿಲಿ, 250 ಇರುವುದಾದರೆ 3 ಮಿಲಿ. ಬಾಟಲಿ ಅದಲುಬದಲಾದರೆ ಮಗುವಿಗೆ ಹೋಗುವುದು ದುಪ್ಪಟ್ಟು ಅಥವಾ ಅರ್ಧ.

ನಾವು ಇದನ್ನೆಲ್ಲ ನೋಡುತ್ತಿದ್ದರೆ ಎದುರಿಗೆ ನಿಂತವರಿಗೆ ಸಿಟ್ಟು ಬರುತ್ತದೆ. "ಫೋನ್ ಆಮೇಲೆ ನೋಡಿ, ನನ್ನ ಬಸ್ಸು ಹೋಗ್ತದೆ" ಅನ್ನುತ್ತಾರೆ. ಅದಕ್ಕೇ ಈ ಬೋರ್ಡ್: "ಔಷಧಿ ಕೊಡುವ ಮೊದಲು ಈ ______ನಲ್ಲಿ ಸ್ಕ್ಯಾನ್ ಮಾಡುತ್ತೇವೆ."

'ಸ್ಕ್ಯಾನ್' ಕೂಡ ಬದಲಾಗಬೇಕು. ಬಸುರಿ ಹೆಂಗಸೊಬ್ಬರು "ಇಲ್ಲೂ ಸ್ಕ್ಯಾನಿಂಗ್ ಮಾಡ್ತೀರಾ?" ಅಂತ ಕೇಳಿದರು. ಉಳಿದವರು ದುಡ್ಡು ಕೊಡಲು ಫೋನ್ ತೆಗೆಯುತ್ತಾರೆ.

ಶಿರಸಿಯಿಂದ:

ತಂಗೀ, ಮೊದಲು 'ಔಷಧಿ' ತೆಗೆ. ಓಷಧಿ ಅಂದರೆ ಗಿಡ. ಅದರಿಂದ ಆದದ್ದು ಔಷಧ. 'ಔಷಧಿ' ಎರಡೂ ಅಲ್ಲ. ಬೋರ್ಡಿಗೆ ಏರಿದ ತಪ್ಪು ಹತ್ತು ವರ್ಷ ಇಳಿಯುವುದಿಲ್ಲ.

ಇನ್ನು ನಿನ್ನ ಪದ. ಕೈಯಂತ್ರ, ಅಂಗೈ ಸಾಧನ ಅಂತೆಲ್ಲ ಹೇಳುವವರು ಈಗ ಬರುತ್ತಾರೆ. ಎರಡೂ ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸಿದ್ದು. ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಬೇಡ ಎಂದಿದ್ದಾನೆ. 'ಕೈಪಿಡಿ' ಇರುವಾಗ ಬೇರೆ ಪದ ಯಾಕೆ? ಕೈಯೂ ಕನ್ನಡ, ಪಿಡಿಯೂ ಕನ್ನಡ. ಕೈಯಲ್ಲಿ ಹಿಡಿಯುವಂಥದ್ದು ಅನ್ನುವುದೇ ಅದರ ಅರ್ಥ. ಮೊದಲು ನೀವು ದಪ್ಪ ಪುಸ್ತಕ ತಿರುವಿ ನೋಡುತ್ತಿದ್ದುದನ್ನೇ ಈ ಯಂತ್ರದಲ್ಲಿ ನೋಡುತ್ತಿದ್ದೀರಿ. ಪುಸ್ತಕದ ಕೆಲಸ ಹೋದಲ್ಲಿಗೆ ಹೆಸರೂ ಹೋಗಲಿ.

ಕುಮಟೆಯಿಂದ:

ಮಾಸ್ತರೇ, ಇದನ್ನು ಒಪ್ಪಲಾರೆ. ಕೈಪಿಡಿ ಅಂದರೆ ಇವತ್ತು ಪುಸ್ತಕ, ಅಷ್ಟೇ. ಬಿಡಿಸಿದರೆ ಸಿಗುವ ಅರ್ಥವೇ ಮುಖ್ಯ ಅಂತಾದರೆ 'ಕೈಹಿಡಿದವಳು' ಅನ್ನುವುದಕ್ಕೆ ಏನು ಹೇಳುತ್ತೀರಿ? ಅರಿಸಮಾಸದ ಮಾತೂ ಸಾಕು. ಕೈಗಡಿಯಾರ ಎಲ್ಲರೂ ಕಟ್ಟಿಕೊಳ್ಳುತ್ತಾರೆ.

ಕಾರವಾರದ ಅಕ್ಕನವರೇ, ಈ ಯಂತ್ರಕ್ಕೆ ಇಂಗ್ಲಿಷಿನಲ್ಲೇ ಹೆಸರು ನಿಂತಿಲ್ಲ. 1992ರಲ್ಲಿ ಆಪಲ್‌ನವರು ಪರ್ಸನಲ್ ಡಿಜಿಟಲ್ ಅಸಿಸ್ಟೆಂಟ್ ಅಂದರು. 1996ರಲ್ಲಿ ಪಾಮ್ ಕಂಪನಿಯ ಪೈಲಟ್ ಬಂತು, ಆಮೇಲೆ ಅಂಥವಕ್ಕೆಲ್ಲ ಪಾಮ್ ಅನ್ನುವುದೇ ರೂಢಿಯಾಯಿತು. ಈಗ ಎರಡೂ ಹೆಸರು ಯಾರ ಬಾಯಲ್ಲೂ ಇಲ್ಲ. ಯಂತ್ರ ಬದಲಾಗುತ್ತದೆ, ನೀವು ಮಾಡುವ ಕೆಲಸ ಬದಲಾಗುವುದಿಲ್ಲ. ಕೆಲಸಕ್ಕೆ ಪದ ಹಾಕಿ. 'ತಾಳೆ ನೋಡುತ್ತೇವೆ' ಅನ್ನಿ. ಚೀಟಿಗೂ ಸ್ಟ್ರಿಪ್ಪಿಗೂ ತಾಳೆ.

ಶಿರಸಿಯಿಂದ:

ಗಡಿಯಾರ ತದ್ಭವ, ಸಂಸ್ಕೃತದಿಂದ ಬಂದು ಕನ್ನಡಕ್ಕೆ ಒಗ್ಗಿ ರೂಪ ಬದಲಾದ ಪದ. ಕನ್ನಡದ ಜೊತೆ ಸೇರಿದರೆ ಅರಿಸಮಾಸ ಆಗುವುದಿಲ್ಲ. ಇದು ಗೊತ್ತಿಲ್ಲದೆ ಉದಾಹರಣೆ ಕೊಡಬೇಡಿ. ಯಂತ್ರ ಬೇಕೇ ಬೇಕು ಅಂತಾದರೆ ಅದರ ತದ್ಭವ ಜಂತ್ರ ಇದೆ. ಕೈಜಂತ್ರ ಅನ್ನಿ.

ಹೊನ್ನಾವರದವ, ಈಗ ಬೆಂಗಳೂರಿನಿಂದ:

ಮದ್ದಿನ ಅಂಗಡಿಯಲ್ಲಿ ಜಂತ್ರವೇ? ಬೇಡವೇ ಬೇಡ. ನಮ್ಮ ಕಡೆ 'ಮದ್ದು ಹಾಕಿದ್ದಾರೆ' ಅಂದರೆ ಮಾಟ ಮಾಡಿದ್ದಾರೆ ಅಂತ ಅರ್ಥ, ಎಲ್ಲರಿಗೂ ಗೊತ್ತು. ಪಕ್ಕದಲ್ಲಿ ಜಂತ್ರವೂ ಸೇರಿದರೆ ಮುಗಿಯಿತು.

ಸುಮ್ನೆ 'ಸ್ಕ್ಯಾನರ್' ಅನ್ನಿ. ಆ ಅಂಗಡಿಯ ಮೇಜು, ಅಲಮಾರು, ಚಾವಿ, ಇವರಿಗೆ ಸಿಗುವ ಪಗಾರ, ಎಲ್ಲವೂ ಪೋರ್ಚುಗೀಸಿನಿಂದ ಬಂದ ಪದಗಳು. ಗೋವೆಯ ಪಕ್ಕದಲ್ಲೇ ಇದ್ದುಕೊಂಡು ಮಡಿ ಮಾಡಿದರೆ ಹೇಗೆ? 'ತಾಳೆ'ಯೂ ಇಂಗ್ಲಿಷಿನ ಟ್ಯಾಲಿಯೇ ಅಲ್ವಾ?

ಕುಮಟೆಯಿಂದ:

ಅಲ್ಲ. ಲೆಕ್ಕದ ಸಾಫ್ಟ್‌ವೇರಿನ ಹೆಸರು ಕೇಳಿ ಕೇಳಿ ಹಾಗನಿಸುತ್ತದೆ. ಮರಾಠಿಯ 'ತಾಳಾ' ನೋಡಿ, ಲೆಕ್ಕ ಸರಿಯಿದೆಯೋ ಅಂತ ಪರೀಕ್ಷಿಸುವುದಕ್ಕೆ ಅದೇ ಮಾತು.

ಶಿರಸಿಯಿಂದ:

ಅಂದರೆ ಇಂಗ್ಲಿಷ್ ಬೇಡ, ಮರಾಠಿ ಆದೀತು. ಇದು ಯಾವ ನ್ಯಾಯ?

ಬೆಂಗಳೂರಿನವರಿಗೆ ಒಂದು ಮಾತು. ಮೇಜು ಬಂದಾಗ ಆ ವಸ್ತುವೇ ಹೊಸದು. ವಸ್ತುವಿನ ಜೊತೆ ಪದ ಬಂತು. ನಾನು ಅದಕ್ಕೆ ಅಡ್ಡ ನಿಲ್ಲುವುದಿಲ್ಲ. ಇರುವ ಪದವನ್ನು ಓಡಿಸಿ ಹೊಸದನ್ನು ಕೂರಿಸುವುದು ಬೇರೆ. ಮದ್ದು ನೋಡಿ. ಹಳಗನ್ನಡದಲ್ಲಿ ಮರ್ದು, ತುಳುವಿನಲ್ಲಿ ಮರ್ದ್, ತಮಿಳಿನಲ್ಲಿ ಮರುಂದು, ತೆಲುಗಿನಲ್ಲಿ ಮಂದು. ಇಷ್ಟು ಬೇರಿರುವ ಪದ ಬಿಟ್ಟು ಪೇಟೆಯವರು ಮೆಡಿಸಿನ್ ಅನ್ನುತ್ತಾರೆ. ನನಗೆ ನೋವಾಗುವುದು ಅಲ್ಲಿ. ತಂಗೀ, ಔಷಧವನ್ನೂ ಬಿಡು, ಬೋರ್ಡಿನಲ್ಲಿ ಮದ್ದು ಅಂತಲೇ ಬರೆ.

ಕಾರವಾರದಿಂದ:

ಎಲ್ಲರಿಗೂ ಉಪಕಾರವಾಯಿತು. ಇವತ್ತು ನಿಮ್ಮ ಪದಗಳನ್ನು ಚೀಟಿಯಲ್ಲಿ ಬರೆದು ಅಂಗಡಿಗೆ ಬಂದವರಿಗೆ ತೋರಿಸಿದೆ. 'ಕೈಪಿಡಿ' ಓದಿದ ಕಾಲೇಜು ಹುಡುಗ ಪುಸ್ತಕ ಎಲ್ಲಿ ಅಂತ ಹುಡುಕಿದ. ಮಾಸ್ತರೇ, ಆ ಪದ ನನಗೆ ತುಂಬ ಹಿಡಿಸಿತ್ತು, ಆದರೆ ಕೌಂಟರಿನಲ್ಲಿ ನಡೆಯುವುದಿಲ್ಲ. ಮದ್ದು ಎಲ್ಲರಿಗೂ ಗೊತ್ತು. ಆದರೆ ಇಲ್ಲಿನವರಿಗೆ ಮದ್ದು ಅಂದರೆ ಬೇರು ನಾರಿನ ನಾಟಿ ಮದ್ದು, ಅಂಕೋಲೆಯ ಬೇಳಂಬರದಲ್ಲಿ ಕೊಡುವಂಥದ್ದು. ಗುಳಿಗೆ ಸ್ಟ್ರಿಪ್ಪಿಗೆ ಆ ಮಾತು ಬಳಸುವವರು ಕಡಿಮೆ. 'ತಾಳೆ ನೋಡುತ್ತೇವೆ' ಅಂದಾಗ ಬೈತಖೋಲದಿಂದ ಬಂದ ಮೀನು ಮಾರುವ ಅಮ್ಮ ತಕ್ಷಣ "ಹಾಂ, ಚೀಟಿ ಜೊತೆ ಹೊಂದ್ತದೋ ಇಲ್ವೋ ಅಂತ" ಅಂದರು. ನಾನು ಏನೂ ವಿವರಿಸಿರಲಿಲ್ಲ.

ನನಗೆ ಇದು ಯಾಕೆ ಇಷ್ಟು ಮುಖ್ಯ ಅಂತ ಹೇಳುತ್ತೇನೆ. ಹಿಂದೆ ಕೆಲಸ ಮಾಡಿದ ಒಂದು ಅಂಗಡಿಯಲ್ಲಿ ಹೈಡ್ರಾಲಜೀನ್ ಬರೆದಿದ್ದ ಚೀಟಿಗೆ ಹೈಡ್ರಾಕ್ಸಿಜೀನ್ ಹೋಯಿತು. ಒಂದು ಬಿಪಿಗೆ, ಇನ್ನೊಂದು ತುರಿಕೆಗೆ. ತಗೊಂಡವರಿಗೆ ಬಸ್ಸಿನ ಅವಸರ, ನಮಗೆ ಅವರನ್ನು ಕಳಿಸುವ ಅವಸರ. ಗೊತ್ತಾದ ಕೂಡಲೇ ಬಸ್ ಸ್ಟ್ಯಾಂಡಿಗೆ ಓಡಿ ವಾಪಸ್ ತಂದೆ. ಬಸ್ಸು ಆಗಲೇ ಸ್ಟಾರ್ಟ್ ಆಗಿತ್ತು.

ಹೀಗೆ ಬರೆದಿದ್ದೇನೆ:

"ಔಷಧ ಕೊಡುವ ಮೊದಲು ನಿಮ್ಮ ಚೀಟಿಯ ಜೊತೆ ತಾಳೆ ನೋಡುತ್ತೇವೆ. ನಮ್ಮ ಕೈಯಲ್ಲಿರುವುದು ಅದಕ್ಕೇ ಇರುವ ಯಂತ್ರ, ಫೋನ್ ಅಲ್ಲ. ದಯವಿಟ್ಟು ಎರಡು ನಿಮಿಷ ಕಾಯಿರಿ."

ಕೈ ಬೇರೆ, ಯಂತ್ರ ಬೇರೆ ಇಟ್ಟಿದ್ದೇನೆ ಮಾಸ್ತರೇ, ಅರಿಸಮಾಸ ಆಗಲಿಲ್ಲ. ಔಷಧಿಯ ಗುಡಿಸೂ ತೆಗೆದೆ.

ಇನ್ನೊಂದು ಬಾಕಿ ಇದೆ. ಕೆಳಗೆ ಕೊಂಕಣಿಯಲ್ಲೂ ಒಂದು ಸಾಲು ಬೇಕು ಅಂತ ಮಾಲೀಕರು ಈಗ ಹೇಳಿದರು. ಕನ್ನಡ ಲಿಪಿಯಲ್ಲಿ 'ವಖದ' ಅಂತ ಬರೆಯಲೋ, 'ವಕಾತ್' ಅಂತಲೋ? ಕಾರವಾರ, ಅಂಕೋಲೆ ಕಡೆಯವರು ಯಾರಾದರೂ ಬೆಳಿಗ್ಗೆ ಹತ್ತರೊಳಗೆ ಹೇಳಿ.